ದೀಪದ ತಾಯಿ ಇಟ್ಟ ಲೆಕ್ಕ

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಕೇಳದವರು ನಮ್ಮೂರಲ್ಲಿ ಯಾರೂ ಇರಲಾರರು. ಶಾಲೆಯ ಪಾಠದಲ್ಲಿ ಓದಿದ್ದೇವೆ. ಕೈಯಲ್ಲಿ ದೀಪ ಹಿಡಿದು ರಾತ್ರಿಯೆಲ್ಲಾ ಗಾಯಾಳು ಸಿಪಾಯಿಗಳ ಹಾಸಿಗೆಯಿಂದ ಹಾಸಿಗೆಗೆ ನಡೆದ ಮಹಾತಾಯಿ. ಆಕೆ ಹುಟ್ಟಿದ ಮೇ 12ನೇ ತಾರೀಖನ್ನೇ ಲೋಕವೆಲ್ಲಾ ದಾದಿಯರ ದಿನ ಅಂತ ಆಚರಿಸುತ್ತದೆ. ಆದರೆ ಆ ದೀಪ ಆರಿಸಿದ ಮೇಲೆ ಆಕೆ ಕೂತು ಏನು ಬರೆಯುತ್ತಿದ್ದರು ಎಂಬುದನ್ನು ನಮ್ಮ ಪಾಠ ಹೇಳಲಿಲ್ಲ. ಆಕೆ ಲೆಕ್ಕ ಬರೆಯುತ್ತಿದ್ದರು. ಸಂಖ್ಯಾಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆದ ಮೊದಲ ಹೆಂಗಸರಲ್ಲಿ ಆಕೆ ಒಬ್ಬರು. ಕಿರ್ದಿ, ಖಾತೆ, ದಾಸ್ತಾನು ಪುಸ್ತಕಗಳ ಮೇಲೆಯೇ ನಿಂತಿರುವ ನಮ್ಮಂಥ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಈ ತಾಯಿಯ ಚರಿತ್ರೆ ಒಪ್ಪುತ್ತದೆ ಎಂದು ನಮಗೆ ತೋರಿತು.

1820ರಲ್ಲಿ ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಜನನ. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆತಾಯಿ ಇಂಗ್ಲೆಂಡಿನ ದೊಡ್ಡ ಶ್ರೀಮಂತರು, ಎರಡೆರಡು ಬಂಗಲೆ, ಆಳುಕಾಳು, ಯಾವುದಕ್ಕೂ ಕಡಮೆ ಇರಲಿಲ್ಲ. ತಂದೆ ವಿಲಿಯಂ ನೈಟಿಂಗೇಲ್ ಇಬ್ಬರು ಹೆಣ್ಣುಮಕ್ಕಳಿಗೂ ತಾವೇ ಗ್ರೀಕ್, ಲ್ಯಾಟಿನ್, ಚರಿತ್ರೆ ಕಲಿಸಿದರು. ಚಿಕ್ಕವಳಿಗೆ ಮಾತ್ರ ಎಣಿಸುವ ಹುಚ್ಚು. ತೋಟದ ಹಣ್ಣು ತರಕಾರಿಯನ್ನೂ ಪಟ್ಟಿ ಮಾಡಿ ಇಡುತ್ತಿದ್ದ ಹುಡುಗಿ. ಇಪ್ಪತ್ತರ ವಯಸ್ಸಿಗೆ ಗಣಿತ ಕಲಿಯಬೇಕು ಅಂತ ಹಟ ಹಿಡಿದಾಗ ತಾಯಿಗೆ ಅದು ಸರಿಬರಲಿಲ್ಲ. ಮದುವೆಯಾಗಿ ಮನೆ ನೋಡಿಕೊಳ್ಳುವ ಹುಡುಗಿಗೆ ಗಣಿತ ಯಾಕೆ ಅನ್ನುವ ಪ್ರಶ್ನೆ. (ಈ ಪ್ರಶ್ನೆ ಇಂಗ್ಲೆಂಡಿನದು ಮಾತ್ರ ಅಂತ ಯಾರೂ ತಿಳಿಯಬೇಡಿ.) ಒಂದಷ್ಟು ಗೋಳಾಟದ ನಂತರ ಮೇಷ್ಟರ ಪಾಠಕ್ಕೆ ಒಪ್ಪಿಗೆ ಸಿಕ್ಕಿತು. ಬೆಳಗಿನ ಜಾವ ಮನೆಯವರು ಏಳುವ ಮುಂಚೆ ಎದ್ದು, ಮೊಂಬತ್ತಿ ಹಚ್ಚಿಕೊಂಡು ಆಸ್ಪತ್ರೆಗಳ ವರದಿ, ಸರ್ಕಾರಿ ವರದಿಗಳನ್ನು ಓದುವುದನ್ನು ರೂಢಿ ಮಾಡಿಕೊಂಡರು. ಬಂದ ಒಳ್ಳೆಯ ಸಂಬಂಧವನ್ನೂ 1849ರಲ್ಲಿ ಬೇಡ ಅಂದರು. ಜರ್ಮನಿಗೆ ಹೋಗಿ ದಾದಿ ಕೆಲಸ ಕಲಿತು, 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಉಸ್ತುವಾರಿ ವಹಿಸಿಕೊಂಡರು.

ಮಾರನೇ ವರ್ಷ ರಷ್ಯಾದ ಮೇಲೆ ಕ್ರಿಮಿಯಾ ಯುದ್ಧ. ಗಾಯಗೊಂಡ ಬ್ರಿಟಿಷ್ ಸಿಪಾಯಿಗಳನ್ನು ಹಡಗಿನಲ್ಲಿ ತುಂಬಿ ಕಪ್ಪು ಸಮುದ್ರ ದಾಟಿಸಿ ತುರ್ಕಿಯ ಸ್ಕುಟಾರಿ ಎಂಬಲ್ಲಿಗೆ ತರುತ್ತಿದ್ದರು. ಅಲ್ಲಿ ಅವರು ನೊಣಗಳಂತೆ ಸಾಯುತ್ತಿದ್ದಾರೆಂದು ಪತ್ರಿಕೆಗಳಲ್ಲಿ ಬಂದು ಗದ್ದಲವಾಯಿತು. ಮಂತ್ರಿ ಸಿಡ್ನಿ ಹರ್ಬರ್ಟರ ಕೋರಿಕೆಯ ಮೇಲೆ ನೈಟಿಂಗೇಲ್ 38 ಮಂದಿ ದಾದಿಯರನ್ನು ಕಟ್ಟಿಕೊಂಡು 1854ರ ನವೆಂಬರ್ 4ರಂದು ಸ್ಕುಟಾರಿ ಸೇರಿದರು. ಆಸ್ಪತ್ರೆ ಅಂದರೆ ಹಳೆಯ ಸೈನಿಕರ ಬ್ಯಾರಕ್ಕು. ಬಟ್ಟೆಯಿಲ್ಲ, ಪಾತ್ರೆಯಿಲ್ಲ, ಹಾಸಿಗೆ ಸಾಲದು. ಅಡಿಗೆಮನೆ, ಬಟ್ಟೆ ಒಗೆಯುವ ಕೋಣೆ ಎಲ್ಲವನ್ನೂ ಆಕೆ ಹೊಸದಾಗಿ ಏರ್ಪಡಿಸಿದರು.

ಆದರೂ ಸಾವು ನಿಲ್ಲಲಿಲ್ಲ. ಪಾಠದಲ್ಲಿ ಇಲ್ಲದ ಮಾತು ಇದು. ಆಕೆ ಹೋದ ಮೇಲೆ ಬಂದ ಚಳಿಗಾಲದಲ್ಲೇ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸಿಪಾಯಿಗಳು ಸತ್ತರು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಸೇರಿದ ನೂರು ಮಂದಿಗೆ ಸುಮಾರು 42 ಮಂದಿ ಹೆಣವಾಗಿ ಹೊರಟರು. ಬಹಳ ಜನ ಸತ್ತದ್ದು ಗುಂಡೇಟಿನಿಂದಲ್ಲ, ಭೇದಿ, ಕಾಲರಾ, ಜ್ವರಗಳಿಂದ. ಮಾರ್ಚಿಯಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯದ ಆಯೋಗ ಬಂದು ನೋಡಿದರೆ ಆಸ್ಪತ್ರೆಯ ಅಡಿಯಲ್ಲೇ ಚರಂಡಿ ಕಟ್ಟಿಕೊಂಡು ಕೊಳೆತಿದೆ, ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿದೆ! ಚರಂಡಿ ತೊಳೆಸಿ, ಗೋಡೆಗೆ ಸುಣ್ಣ ಹೊಡೆಸಿ, ಗಾಳಿಯಾಡಲು ಕಿಂಡಿ ತೆಗೆಸಿದರು. ಜೂನ್ ಹೊತ್ತಿಗೆ ನೂರಕ್ಕೆ 42 ಇದ್ದದ್ದು ಸುಮಾರು 2ಕ್ಕೆ ಇಳಿಯಿತು.

ಅಲ್ಲಿದ್ದಾಗ ನೈಟಿಂಗೇಲರಿಗೂ ಇದರ ಪೂರ್ತಿ ಅರ್ಥ ಆಗಿರಲಿಲ್ಲ. ಹಸಿವು, ದಣಿವು, ಚಳಿಯಿಂದ ಸೋತು ಬಂದವರು ಸಾಯುತ್ತಿದ್ದಾರೆ ಎಂದೇ ಆಕೆಯ ನಂಬಿಕೆ. ಸತ್ತವರ ಲೆಕ್ಕವನ್ನು ಮೂರು ಕಡೆ ಬರೆಯುತ್ತಿದ್ದರು, ಒಂದರ ಮೊತ್ತ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಕಿರ್ದಿಗೂ ಖಾತೆಗೂ ತಾಳೆಯಾಗದಿದ್ದರೆ ಆಡಿಟ್ ದಿನ ನಮ್ಮ ಗತಿ ಏನಾಗುತ್ತದೆಂದು ಸದಸ್ಯರಿಗೆ ಗೊತ್ತು. ಅಲ್ಲಿ ತಪ್ಪಿದ್ದು ರೂಪಾಯಿಯಲ್ಲ, ತಾಯಂದಿರ ಮಕ್ಕಳು. ಎಷ್ಟು ಜನ ಸತ್ತರೆಂದೇ ತಿಳಿಯದಿದ್ದರೆ ಯಾಕೆ ಸತ್ತರೆಂದು ಯಾರಿಗೆ ತಿಳಿದೀತು?

1856ರ ಆಗಸ್ಟಿನಲ್ಲಿ ಮೆರವಣಿಗೆ ಹಾರ ತುರಾಯಿ ಯಾವುದೂ ಬೇಡವೆಂದು ಬೇರೆ ಹೆಸರಿನಲ್ಲಿ ಸದ್ದಿಲ್ಲದೆ ಊರಿಗೆ ಬಂದರು. ದೇಶವೇ ಪೂಜಿಸುತ್ತಿತ್ತು, ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಕೂರಲಿಲ್ಲ. ಜನನ ಮರಣ ಲೆಕ್ಕದ ಇಲಾಖೆಯಲ್ಲಿದ್ದ ಡಾಕ್ಟರ್ ವಿಲಿಯಂ ಫಾರ್ ಎಂಬ ಬಡವರ ಮನೆಯಿಂದ ಮೇಲೆ ಬಂದ ಮೇಧಾವಿಯ ಜೊತೆ ಸೇರಿ ಯುದ್ಧದ ಅಷ್ಟೂ ಸಾವಿನ ಲೆಕ್ಕವನ್ನು ತಿಂಗಳುವಾರು, ಕಾರಣವಾರು ಬಿಡಿಸಿದರು. ಆಗ ಗೊತ್ತಾದದ್ದು ಭಯಂಕರ ಸಂಗತಿ. ಸಾವಿನಲ್ಲಿ ಎಲ್ಲಕ್ಕಿಂತ ಮುಂದಿದ್ದ ಆಸ್ಪತ್ರೆಗಳ ಸಾಲಿಗೆ ಆಕೆ ದೀಪ ಹಿಡಿದು ನಡೆದ ಸ್ಕುಟಾರಿಯೂ ಸೇರಿತ್ತು. ತಾವು ಶುಶ್ರೂಷೆ ಮಾಡಿದ ಮನೆಯೇ ಅವರನ್ನು ಕೊಂದಿತ್ತು. ಬೇರೆಯವರಾಗಿದ್ದರೆ ಆ ಕಾಗದ ಒಲೆಗೆ ಹಾಕುತ್ತಿದ್ದರೇನೋ. ಈಕೆ ಅಚ್ಚು ಹಾಕಿಸಿ ಹಂಚಿದರು. ನಮ್ಮ ದೃಷ್ಟಿಯಲ್ಲಿ ದೀಪ ಹಿಡಿದದ್ದಕ್ಕಿಂತ ಇದು ದೊಡ್ಡದು.

ಅಂಕಿಗಳ ಪಟ್ಟಿ ಕೊಟ್ಟರೆ ಮಂತ್ರಿಗಳು ಓದುವುದಿಲ್ಲ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಚಿತ್ರ ಬರೆದರು. ಒಬ್ಬಟ್ಟನ್ನು ಹನ್ನೆರಡು ಸಮಭಾಗ ಮಾಡಿದ ಹಾಗೆ ಒಂದು ಚಕ್ರ, ತಿಂಗಳಿಗೆ ಒಂದು ತುಂಡು. ಸಾವು ಹೆಚ್ಚಿದ ತಿಂಗಳಿನ ತುಂಡು ಹೊರಕ್ಕೆ ಚಾಚಿಕೊಳ್ಳುತ್ತದೆ, ಕಡಮೆಯಾದ ತಿಂಗಳಿನದು ಕುಗ್ಗುತ್ತದೆ. ತಪ್ಪಿಸಬಹುದಾಗಿದ್ದ ಕಾಯಿಲೆಗೆ ನೀಲಿ ಬಣ್ಣ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. 1855ರ ಜನವರಿಯ ನೀಲಿ ತುಂಡು ರೆಕ್ಕೆ ಬಿಚ್ಚಿದ ಹದ್ದಿನ ಹಾಗೆ, ಕೆಂಪು ಅದರ ಬುಡದಲ್ಲಿ ಸಣ್ಣಗೆ ಅಡಗಿದೆ. ಓದು ಬಾರದವರಿಗೂ ತಿಳಿಯುವ ಲೆಕ್ಕ. ಯುದ್ಧವಿಲ್ಲದ ಕಾಲದಲ್ಲೂ ಬ್ಯಾರಕ್ಕಿನ ಹರೆಯದ ಸಿಪಾಯಿಗಳು ಅದೇ ವಯಸ್ಸಿನ ಊರ ಜನರಿಗಿಂತ ಸುಮಾರು ಇಮ್ಮಡಿ ಸಾಯುತ್ತಿದ್ದಾರೆಂದೂ ತೋರಿಸಿಕೊಟ್ಟರು. ಬ್ಯಾರಕ್ಕು, ಆಸ್ಪತ್ರೆಗಳ ರಿಪೇರಿ ಶುರುವಾಯಿತು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಹೆಂಗಸರ ಪೈಕಿ ಆಕೆಯೇ ಮೊದಲು.

ಎಲ್ಲವೂ ಗೆಲುವೇ ಆಗಲಿಲ್ಲ. 1861ರ ಜನಗಣತಿಯಲ್ಲಿ ಕಾಯಿಲೆಯವರನ್ನೂ ಮನೆಗಳ ಸ್ಥಿತಿಯನ್ನೂ ಎಣಿಸಿರೆಂದು ಬೇಡಿದರು, ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಯಿಲೆ ಬರುವುದು ಕೆಟ್ಟ ಗಾಳಿಯಿಂದ ಎಂಬ ಹಳೆಯ ನಂಬಿಕೆಯನ್ನು ಆಕೆ ಬಹಳ ಕಾಲ ಬಿಡಲಿಲ್ಲ. ಜೊತೆ ಕೆಲಸ ಮಾಡಿದವರನ್ನು ದಣಿವು ನೋಡದೆ ದುಡಿಸುವ ಸ್ವಭಾವವೂ ಇತ್ತು. ಕ್ರಿಮಿಯಾದಲ್ಲಿ ಹತ್ತಿದ ಜ್ವರದಿಂದ ಆಕೆಯ ದೇಹವೂ ಪೂರ್ತಿ ಸುಧಾರಿಸಲಿಲ್ಲ. 1857ರಿಂದಾಚೆಗೆ ಹೆಚ್ಚಿನ ಕೆಲಸವೆಲ್ಲಾ ಹಾಸಿಗೆಯ ಮೇಲೆ ಒರಗಿಕೊಂಡು ಪತ್ರ ಬರೆದೇ ಮಾಡಿದ್ದು.

ಹಾಗೆ ಹಾಸಿಗೆಯಿಂದಲೇ ಆಕೆ ನಮ್ಮ ದೇಶಕ್ಕೂ ಕೈ ಚಾಚಿದರು. ಭಾರತಕ್ಕೆ ಒಮ್ಮೆಯೂ ಬಂದವರಲ್ಲ. 1859ರಲ್ಲಿ ಇಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ ಆಯೋಗ ನೇಮಕವಾದಾಗ ಇಲ್ಲಿನ ದಂಡುಗಳಿಗೆಲ್ಲಾ ಪ್ರಶ್ನೆಗಳ ಪಟ್ಟಿ ಕಳಿಸಿದರು. ನೀರು ಎಲ್ಲಿಂದ? ಚರಂಡಿ ಎಲ್ಲಿಗೆ? ಬಂದ ಉತ್ತರಗಳಲ್ಲಿ ನಮ್ಮ ಬೆಂಗಳೂರು ದಂಡಿನದೂ ಇತ್ತು. ಕುಡಿಯುವ ನೀರಿನ ಹಲಸೂರು ಕೆರೆಗೆ ಬಜಾರಿನ ಕೊಚ್ಚೆ ಸೇರುತ್ತಿದ್ದ ಸಂಗತಿ ಅದರಿಂದ ಬಯಲಾಯಿತು. 1863ರಲ್ಲಿ ಹೊರಬಂದ ವರದಿ ಎರಡು ಸಾವಿರ ಪುಟಕ್ಕೂ ಮೇಲೆ. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಸಾವು. ಹತ್ತು ವರ್ಷದ ನಂತರ, 1873ರಲ್ಲಿ, ಅದು 18ಕ್ಕೆ ಇಳಿದಿದೆಯೆಂದು ಆಕೆಯೇ ಲೆಕ್ಕ ಕೊಟ್ಟರು.

ಮೊದಲು ಆಕೆಗೆ ಬಿಳಿಯ ಸಿಪಾಯಿಯದೇ ಚಿಂತೆ. ಬರುಬರುತ್ತಾ ದಂಡಿನ ಆಚೆ ಇದ್ದ ಹಳ್ಳಿ ಕಣ್ಣಿಗೆ ಬಿತ್ತು. 1876ರಿಂದ 78ರವರೆಗೆ ಮದರಾಸು, ಬೊಂಬಾಯಿ, ಮೈಸೂರು ಸೀಮೆಗಳನ್ನು ಸುಟ್ಟ ಮಹಾ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಅಂತಲೇ ಕರೆಯುತ್ತಿದ್ದರು. ಲಂಡನ್ನಿನ ಕೋಣೆಯಲ್ಲಿ ಕೂತು ಆಕೆ ಆ ಸಾವುಗಳ ಲೆಕ್ಕ ಕೇಳಿದರು. ಕಾಲುವೆ ನೀರಾವರಿ ಬೇಕೆಂದು ಪಟ್ಟು ಹಿಡಿದರು. 1878ರಲ್ಲಿ ಬರೆದ ಒಂದು ಲೇಖನದಲ್ಲಿ ದಖ್ಖನ್ನಿನ ರೈತ ಸಾಹುಕಾರನ ಸಾಲದಲ್ಲಿ ಹೇಗೆ ಮುಳುಗಿದ್ದಾನೆಂದು ವಿವರಿಸಿದರು. ಬರೆಯುವವನು ಸಾಹುಕಾರ, ಹೆಬ್ಬೆಟ್ಟು ಒತ್ತುವವನು ರೈತ. ಬ್ರಿಟಿಷ್ ಆಳ್ವಿಕೆಯೇ ಬೇಡವೆಂದು ಆಕೆ ಹೇಳಿದವರಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆಳುವವರ ಊರಲ್ಲೇ ಕೂತು ನಮ್ಮ ರೈತನ ಸಾಲದ ಮಾತೆತ್ತಿದವರು ಆ ಕಾಲಕ್ಕೆ ಎಷ್ಟು ಮಂದಿ? ನಮ್ಮ ಗದಗಿನ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಆಗ ಈ ಮುದುಕಿ ಇನ್ನೂ ಬದುಕಿದ್ದರು, ಕಣ್ಣು ಮಂಜಾಗಿತ್ತು.

1907ರಲ್ಲಿ ಅಲ್ಲಿನ ದೊರೆ ಆರ್ಡರ್ ಆಫ್ ಮೆರಿಟ್ ಎಂಬ ದೊಡ್ಡ ಗೌರವ ಕೊಟ್ಟರು. ಹೆಂಗಸರಲ್ಲಿ ಅದು ಮೊದಲು ಸಂದದ್ದು ಆಕೆಗೇ. 1910ರ ಆಗಸ್ಟ್ 13ರಂದು, ತೊಂಬತ್ತು ತುಂಬಿದ ಮೇಲೆ, ನಿದ್ದೆಯಲ್ಲೇ ತೀರಿಕೊಂಡರು. ರಾಜರಾಣಿಯರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಕೊಡುತ್ತೇವೆ ಅಂದರೂ ಮನೆಯವರು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ತಂದೆತಾಯಿಯ ಪಕ್ಕ ಮಣ್ಣು ಮಾಡಿದರು. ಆ ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ. ಎಫ್. ಎನ್. ಎಂಬ ಎರಡಕ್ಷರ, ಹುಟ್ಟಿದ ವರ್ಷ 1820, ಸತ್ತ ವರ್ಷ 1910.