ಒಂದು ವಿವರಕ್ಕೆ ಒಂದೇ ಜಾಗ: ದತ್ತಾಂಶದ ಹೊರೆ ಇಳಿಸಿದ ಎಡ್ಗರ್ ಕಾಡ್

ಅಂಗಡಿಯ ಲೆಕ್ಕಪತ್ರ, ಗ್ರಾಹಕರ ವಿಳಾಸ, ಸರಕಿನ ದಾಸ್ತಾನು ಮುಂತಾದ ವಿವರಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಬದಲು ಕ್ಲೌಡ್ ಡೇಟಾಬೇಸ್‌ನಲ್ಲಿ ಬಾಡಿಗೆಗೆ ಇಡುವುದು ಸಣ್ಣ ಉದ್ದಿಮೆಗಳಲ್ಲೂ ಈಗ ರೂಢಿಯಾಗಿದೆ. ವ್ಯಾಪಾರ ಬೆಳೆದಂತೆ ತಿಂಗಳ ಬಾಡಿಗೆಯೂ ಬೆಳೆಯುತ್ತದೆ. ಆ ಬಾಡಿಗೆಯನ್ನು ಹಿಡಿತದಲ್ಲಿಡಲು ನೆರವಾಗುವ ಮೂಲ ಸೂತ್ರವನ್ನು 1970ರಲ್ಲೇ ಬರೆದಿಟ್ಟವರು ಎಡ್ಗರ್ ಫ್ರಾಂಕ್ ಕಾಡ್. ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಹೆಸರು ಚಿರಪರಿಚಿತ. ಅವರ ಚಿಂತನೆಯನ್ನು ದಿನನಿತ್ಯ ಬಳಸುವ ವ್ಯಾಪಾರಿಗಳು ಮಾತ್ರ ಈ ಹೆಸರನ್ನು ಕೇಳಿರುವುದು ಅಪರೂಪ.

ಕಾಡ್ ಜನಿಸಿದ್ದು 1923ರ ಆಗಸ್ಟ್ ತಿಂಗಳಿನಲ್ಲಿ, ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಏಳು ಮಕ್ಕಳ ಪೈಕಿ ಕೊನೆಯವರು. ತಂದೆ ಚರ್ಮೋದ್ಯಮಿ, ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದುತ್ತಿದ್ದಾಗಲೇ ಎರಡನೇ ಮಹಾಯುದ್ಧ ನಡೆದಿತ್ತು. ವಿದ್ಯಾರ್ಥಿಯೆಂಬ ಕಾರಣಕ್ಕೆ ಸೇನಾ ಸೇವೆಯನ್ನು ಮುಂದೂಡುವ ಅವಕಾಶವಿದ್ದರೂ ಅವರು ಸ್ವಇಚ್ಛೆಯಿಂದ ವಾಯುಪಡೆ ಸೇರಿ, ಕರಾವಳಿ ಪಹರೆಯ ಸಂಡರ್‌ಲ್ಯಾಂಡ್ ವಿಮಾನಗಳನ್ನು ಹಾರಿಸಿದರು. ಯುದ್ಧ ಮುಗಿದ ಬಳಿಕ ಓದು ಪೂರೈಸಿ 1948ರಲ್ಲಿ ಅಮೆರಿಕದ ನ್ಯೂಯಾರ್ಕಿಗೆ ಹೊರಟರು. ಅಲ್ಲಿ ಮೊದಲು ಸಿಕ್ಕಿದ್ದು ಮೇಸಿಸ್ ಮಳಿಗೆಯಲ್ಲಿ ಗಂಡಸರ ಕ್ರೀಡಾ ಉಡುಪು ಮಾರುವ ಕೆಲಸ! ನಂತರ ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ ಆರು ತಿಂಗಳು ಗಣಿತ ಬೋಧಿಸಿ, 1949ರಲ್ಲಿ ಐಬಿಎಂ ಸಂಸ್ಥೆ ಸೇರಿದರು.

ಸಂಸ್ಥೆಯಲ್ಲಿ ನೆಮ್ಮದಿಯಾಗಿ ಬೇರೂರುವ ಮುನ್ನವೇ ರಾಜಕೀಯ ಅಡ್ಡ ಬಂತು. ಸೆನೆಟರ್ ಜೋಸೆಫ್ ಮೆಕಾರ್ಥಿ ಕಮ್ಯುನಿಸ್ಟರ ಬೇಟೆಯ ಹೆಸರಿನಲ್ಲಿ ನಡೆಸುತ್ತಿದ್ದ ದಬ್ಬಾಳಿಕೆಯನ್ನು ಸಹಿಸದೆ 1953ರಲ್ಲಿ ಕಾಡ್ ಅಮೆರಿಕ ತೊರೆದು ಕೆನಡಾದ ಒಟ್ಟಾವಾ ಸೇರಿದರು. ಮರಳಿ ಬಂದದ್ದು 1957ರಲ್ಲಿ. ಒಂದೇ ಯಂತ್ರದಲ್ಲಿ ಹಲವು ಕಾರ್ಯಕ್ರಮಗಳನ್ನು ಜತೆಜತೆಯಾಗಿ ನಡೆಸುವ ವಿಧಾನದ ಮೇಲೆ ದುಡಿದರು. ನಲವತ್ತರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ, 1965ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅರವತ್ತರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದ ಐಬಿಎಂ ಸಂಶೋಧನಾಲಯಕ್ಕೆ ಬಂದರು.

ಸ್ಯಾನ್ ಹೊಸೆ ಎಂಬ ಊರಿಗೆ ದತ್ತಾಂಶದ ಚರಿತ್ರೆಯಲ್ಲಿ ಮೊದಲೇ ಒಂದು ಸ್ಥಾನವಿತ್ತು. ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ತಯಾರಾಗಿದ್ದು ಇಲ್ಲಿಯೇ. 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಇಡೀ ಸಂಗ್ರಹ ಸಾಮರ್ಥ್ಯ 50 ಲಕ್ಷ ಅಕ್ಷರಗಳು, ಅಂದರೆ ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದೆರಡು ಛಾಯಾಚಿತ್ರಗಳಷ್ಟು. ಈ ವ್ಯವಸ್ಥೆಯ ಬಾಡಿಗೆ ತಿಂಗಳಿಗೆ 3,200 ಡಾಲರ್! ದತ್ತಾಂಶಕ್ಕೆ ತಿಂಗಳ ಬಾಡಿಗೆ ಕಟ್ಟುವ ಪದ್ಧತಿ ಕ್ಲೌಡ್ ಕಂಪನಿಗಳ ಆವಿಷ್ಕಾರವೇನೂ ಅಲ್ಲ. ಆದರೆ ಆ ಕಾಲದ ಬಾಡಿಗೆ ಕಟ್ಟಲು ಶಕ್ತವಾಗಿದ್ದುದು ದೊಡ್ಡ ಸಂಸ್ಥೆಗಳು ಮಾತ್ರ.

ಹಣ ಕೊಟ್ಟವರಿಗೂ ಸುಖವಿರಲಿಲ್ಲ. ಅಪೊಲೊ ಚಂದ್ರಯಾನದ ರಾಕೆಟ್ಟಿನ ಬಿಡಿಭಾಗಗಳ ಪಟ್ಟಿ ನಿಭಾಯಿಸಲು ಐಬಿಎಂ ರೂಪಿಸಿದ್ದ ಐಎಂಎಸ್ ಎಂಬ ತಂತ್ರಾಂಶ ಅಂದು ಮಾರುಕಟ್ಟೆಯಲ್ಲಿ ಪ್ರಬಲವಾಗಿತ್ತು. ಅದರಲ್ಲಿ ದತ್ತಾಂಶವನ್ನು ಮರದ ಕೊಂಬೆ ರೆಂಬೆಗಳಂತೆ ಜೋಡಿಸಲಾಗುತ್ತಿತ್ತು. ಬೇಕಾದ ವಿವರ ಯಾವ ಕೊಂಬೆಯಲ್ಲಿದೆ, ಅಲ್ಲಿಗೆ ಯಾವ ದಾರಿ ಹಿಡಿಯಬೇಕು ಎಂಬುದು ಪ್ರೋಗ್ರಾಮರನಿಗೆ ಮೊದಲೇ ತಿಳಿದಿರಬೇಕಿತ್ತು. ಜೋಡಣೆಯನ್ನು ಬದಲಿಸಿದರೆ ಹಳೆಯ ಪ್ರೋಗ್ರಾಮುಗಳು ಕೆಡುತ್ತಿದ್ದವು. ಅವನ್ನು ಮತ್ತೆ ಬರೆಸುವ ಖರ್ಚು ಯಂತ್ರದ ಬಾಡಿಗೆಯ ಜತೆಗೆ ಬಂದು ಸೇರುತ್ತಿತ್ತು.

ಕಾಡ್ ಈ ಸಮಸ್ಯೆಯನ್ನು ನೋಡಿದ್ದು ಗಣಿತಜ್ಞನ ಕಣ್ಣಿನಿಂದ. 1969ರಲ್ಲಿ ಸಂಸ್ಥೆಯ ಆಂತರಿಕ ವರದಿಯೊಂದನ್ನು ಬರೆದರು. ಮರುವರ್ಷದ ಜೂನ್‌ನಲ್ಲಿ ಅಮೆರಿಕದ ಗಣಕ ತಜ್ಞರ ಸಂಘವಾದ ಎಸಿಎಂನ ಮಾಸಪತ್ರಿಕೆಯಲ್ಲಿ ಅವರ 11 ಪುಟಗಳ ಪ್ರಬಂಧ ಪ್ರಕಟವಾಯಿತು. ಬಿಡಿಭಾಗಗಳು ಮತ್ತು ಯೋಜನೆಗಳ ಒಂದೇ ಮಾಹಿತಿಯನ್ನು ಐದು ಬಗೆಯಲ್ಲಿ ಜೋಡಿಸಬಹುದೆಂದು ತೋರಿಸಿ, ಒಂದು ಜೋಡಣೆಗೆಂದು ಬರೆದ ಪ್ರೋಗ್ರಾಮು ಮತ್ತೊಂದರಲ್ಲಿ ಹೇಗೆ ಸೋಲುತ್ತದೆ ಎಂಬುದನ್ನು ಅವರು ಅದರಲ್ಲಿ ವಿವರಿಸಿದ್ದರು. ಪರಿಹಾರವಾಗಿ ಅವರು ಮುಂದಿಟ್ಟದ್ದು ಸಂಬಂಧಾತ್ಮಕ ಮಾದರಿ. ದತ್ತಾಂಶವೆಲ್ಲವೂ ಸಾಲು ಮತ್ತು ಅಂಕಣಗಳಿರುವ ಸರಳ ಕೋಷ್ಟಕಗಳಲ್ಲಿ ಇರಲಿ. ಬಳಕೆದಾರ ತನಗೆ ಏನು ಬೇಕೆಂದಷ್ಟೇ ಕೇಳಲಿ. ಅದು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ಹುಡುಕುವ ಹೊಣೆ ಯಂತ್ರದ್ದಾಗಲಿ ಎಂಬುದು ಅದರ ತಿರುಳು.

ಇದರ ಬೆನ್ನಿಗೇ ಬಂದದ್ದು ನಾರ್ಮಲೈಸೇಷನ್ ಎಂಬ ನಿಯಮಾವಳಿ. ಒಂದು ವಿವರವನ್ನು ಒಂದೇ ಕಡೆ ಬರೆಯಬೇಕು, ಉಳಿದೆಡೆ ಅದರ ಸಂಖ್ಯೆಯನ್ನು ಮಾತ್ರ ನಮೂದಿಸಬೇಕು ಎಂಬುದು ಇದರ ಸಾರ. ಕಾಡ್ ಅವರ ಮುಖ್ಯ ಚಿಂತೆ ಇದ್ದದ್ದು ಡಿಸ್ಕಿನ ಬಾಡಿಗೆಯ ಬಗ್ಗೆ ಅಲ್ಲ, ದತ್ತಾಂಶದ ಸತ್ಯದ ಬಗ್ಗೆ. ಒಂದೇ ವಿಳಾಸ ಹತ್ತು ಕಡೆ ಇದ್ದು ಎಂಟು ಕಡೆ ಮಾತ್ರ ತಿದ್ದುಪಡಿಯಾದರೆ ಯಾವುದನ್ನು ನಂಬಬೇಕು? ಜಾಗದ ಉಳಿತಾಯ ಈ ಶಿಸ್ತಿನಿಂದ ತಾನಾಗಿಯೇ ದೊರೆತ ಫಲ.

ಆ ಫಲ ಎಷ್ಟೆಂದು ಒಂದು ಜವಳಿ ಅಂಗಡಿಯ ಲೆಕ್ಕದಿಂದ ಊಹಿಸಬಹುದು. ಅಂಗಡಿಗೆ 2,000 ಗ್ರಾಹಕರಿದ್ದು, ಕೆಲವು ವರ್ಷಗಳಲ್ಲಿ ಒಂದು ಲಕ್ಷ ಬಿಲ್ಲುಗಳಾಗಿವೆ ಎನ್ನೋಣ. ಹೆಸರು, ವಿಳಾಸ ಸೇರಿ ಪ್ರತಿ ಗ್ರಾಹಕನ ವಿವರಕ್ಕೆ 200 ಕನ್ನಡ ಚಿಹ್ನೆಗಳು ಬೇಕು. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಹೀಗಾಗಿ ಪ್ರತಿ ಬಿಲ್ಲಿನಲ್ಲೂ ವಿಳಾಸ ಬರೆದರೆ 6 ಕೋಟಿ ಬೈಟ್ ಬೇಕಾಗುತ್ತದೆ. ಗ್ರಾಹಕರ ಕೋಷ್ಟಕವನ್ನು ಪ್ರತ್ಯೇಕವಾಗಿಟ್ಟು ಬಿಲ್ಲಿನಲ್ಲಿ ನಾಲ್ಕು ಬೈಟ್‌ಗಳ ಗ್ರಾಹಕ ಸಂಖ್ಯೆಯನ್ನಷ್ಟೇ ನಮೂದಿಸಿದರೆ ಒಟ್ಟು 16 ಲಕ್ಷ ಬೈಟ್ ಸಾಕು. ಇದೇ ದತ್ತಾಂಶದ ಸೂಚಿಗಳು, ಬ್ಯಾಕಪ್ ಪ್ರತಿಗಳು, ತುರ್ತಿಗೆಂದು ಬೇರೆಡೆ ಇಡುವ ನಕಲುಗಳು ಎಲ್ಲದರಲ್ಲೂ ಈ ವ್ಯತ್ಯಾಸ ಗುಣಿಸುತ್ತಾ ಹೋಗುತ್ತದೆ. ಬಿಲ್ಲು ಮಾಡಿದ ದಿನ ಇದ್ದ ವಿಳಾಸವೇ ದಾಖಲೆಯಲ್ಲಿ ಉಳಿಯಬೇಕಾದ ಕಡೆ ಹಳೆಯದನ್ನು ಅಳಿಸಿ ಹೊಸದು ಬರೆಯುವಂತಿಲ್ಲ. ಹೊಸ ವಿಳಾಸವನ್ನು ದಿನಾಂಕದೊಂದಿಗೆ ಮತ್ತೊಂದು ಸಾಲಾಗಿ ಸೇರಿಸಬೇಕಾಗುತ್ತದೆ.

ಆದರೆ ಕಾಡ್ ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಈ ಚಿಂತನೆ ರುಚಿಸಲಿಲ್ಲ. ಐಎಂಎಸ್ ಕೈತುಂಬ ವರಮಾನ ತರುತ್ತಿದ್ದಾಗ ಅದಕ್ಕೆ ಎದುರಾಳಿಯನ್ನು ಮನೆಯಲ್ಲೇ ಬೆಳೆಸುವ ಉತ್ಸಾಹ ಯಾರಿಗಿರುತ್ತದೆ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಐಬಿಎಂಗೆ ಅಕ್ಷರಶಃ ಅನ್ವಯಿಸುತ್ತದೆ. ಕೋಷ್ಟಕಗಳನ್ನು ಜೋಡಿಸಿ ಉತ್ತರ ಹುಡುಕುವುದು ಅಂದಿನ ನಿಧಾನಗತಿಯ ಯಂತ್ರಗಳಿಗೆ ಆಗದ ಕೆಲಸ ಎಂಬ ಆಕ್ಷೇಪವೂ ಇತ್ತು. ಅದು ಪೂರ್ತಿ ನಿರಾಧಾರವಾಗಿರಲಿಲ್ಲ. 1974ರಲ್ಲಿ ಮಿಚಿಗನ್‌ನ ಆನ್ ಆರ್ಬರ್‌ನಲ್ಲಿ ನಡೆದ ವಿಚಾರ ಸಂಕಿರಣದಲ್ಲಿ, ಹಿಂದಿನ ವರ್ಷವಷ್ಟೇ ಟ್ಯೂರಿಂಗ್ ಪ್ರಶಸ್ತಿ ಪಡೆದಿದ್ದ ಚಾರ್ಲ್ಸ್ ಬ್ಯಾಕ್‌ಮನ್ ಅವರೊಂದಿಗೆ ಕಾಡ್ ಈ ವಿಷಯದಲ್ಲಿ ನೇರ ವಾದಕ್ಕಿಳಿದರು. ಸಂಸ್ಥೆಯ ಗ್ರಾಹಕರಿಗೂ ತಮ್ಮ ಮಾದರಿಯ ಅನುಕೂಲಗಳನ್ನು ತಾವೇ ವಿವರಿಸತೊಡಗಿದರು. ಮೇಲಧಿಕಾರಿಗಳಿಗೆ ಇದು ಹಿತವೆನಿಸದಿದ್ದರೆ ಆಶ್ಚರ್ಯವಿಲ್ಲ.

ಕೊನೆಗೆ ಐಬಿಎಂ ಸಿಸ್ಟಮ್ ಆರ್ ಎಂಬ ಪ್ರಾಯೋಗಿಕ ಯೋಜನೆಗೆ ಒಪ್ಪಿತು. ಅದಕ್ಕಾಗಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ ಭಾಷೆಯೇ ಇಂದಿನ ಎಸ್‌ಕ್ಯುಎಲ್. ಕಾಡ್ ಸೂಚಿಸಿದ್ದ ಆಲ್ಫಾ ಎಂಬ ಭಾಷೆ ಮೂಲೆ ಸೇರಿತು. ಎಸ್‌ಕ್ಯುಎಲ್ ಒಂದೇ ಕೋಷ್ಟಕದಲ್ಲಿ ಒಂದೇ ಸಾಲು ಎರಡೆರಡು ಬಾರಿ ಬರಲು ಅವಕಾಶ ಕೊಟ್ಟಿದ್ದನ್ನು ಕಾಡ್ ಕಡೆಯವರೆಗೂ ಒಪ್ಪಲಿಲ್ಲ. ಪುನರಾವರ್ತನೆಯ ವಿರುದ್ಧ ಹೋರಾಡಿದವರ ಮಾದರಿಯನ್ನು ಜಗತ್ತಿಗೆ ತಲುಪಿಸಿದ್ದು ಪುನರಾವರ್ತನೆಯನ್ನು ಸಹಿಸುವ ಭಾಷೆ!

ಐಬಿಎಂ ಮೀನಮೇಷ ಎಣಿಸುತ್ತಿದ್ದಾಗ ಹೊರಗಿನವರು ಮುನ್ನುಗ್ಗಿದರು. ಪ್ರಕಟಿತ ಪ್ರಬಂಧಗಳು ಯಾರು ಬೇಕಾದರೂ ಓದಬಹುದಾದಂಥವು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯುಜೀನ್ ವಾಂಗ್ ಇಂಗ್ರೆಸ್ ಎಂಬ ವ್ಯವಸ್ಥೆ ಕಟ್ಟಿದರು. 1977ರಲ್ಲಿ ಲ್ಯಾರಿ ಎಲಿಸನ್ ಇಬ್ಬರು ಗೆಳೆಯರೊಂದಿಗೆ ಕಂಪನಿ ಆರಂಭಿಸಿ, 1979ರಲ್ಲಿ ಒರಾಕಲ್ ಡೇಟಾಬೇಸನ್ನು ಮಾರಾಟಕ್ಕಿಟ್ಟರು. ಐಬಿಎಂನ ಸ್ವಂತ ಸಂಬಂಧಾತ್ಮಕ ಉತ್ಪನ್ನ ಬಂದಾಗ 1981 ಆಗಿತ್ತು. ಹೆಸರುವಾಸಿಯಾದ ಡಿಬಿ2 ಬಂದದ್ದು 1983ರಲ್ಲಿ. ಎಲಿಸನ್ ವಿಶ್ವದ ಅತಿ ಶ್ರೀಮಂತರ ಸಾಲಿಗೆ ಸೇರಿದರು. ಕಾಡ್ ಅವರಿಗೆ 1976ರಲ್ಲಿ ಐಬಿಎಂ ಫೆಲೊ ಗೌರವ, 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದವು.

ಸಣ್ಣ ವ್ಯಾಪಾರಿಗಳಿಗೆ ಈ ಕಥೆ ಮುಟ್ಟಿದ್ದು ಇನ್ನೊಂದು ದಾರಿಯಿಂದ. ಇಂಗ್ರೆಸ್‌ನ ಉತ್ತರಾಧಿಕಾರಿಯಾಗಿ ಬರ್ಕ್ಲಿಯಲ್ಲೇ ಹುಟ್ಟಿದ ಪೋಸ್ಟ್‌ಗ್ರೆಸ್ 1996ರಲ್ಲಿ ಪೋಸ್ಟ್‌ಗ್ರೆಎಸ್‌ಕ್ಯುಎಲ್ ಎಂಬ ಹೆಸರು ಪಡೆದು, ಪರವಾನಗಿ ಶುಲ್ಕವಿಲ್ಲದೆ ಎಲ್ಲರಿಗೂ ದೊರೆಯಿತು. 1995ರಲ್ಲಿ ಮೈಎಸ್‌ಕ್ಯುಎಲ್ ಬಂದಿತ್ತು. 2009ರಲ್ಲಿ ಅಮೆಜಾನ್ ಕಂಪನಿ ತನ್ನ ಕ್ಲೌಡ್‌ನಲ್ಲಿ ಮೈಎಸ್‌ಕ್ಯುಎಲ್ ಡೇಟಾಬೇಸನ್ನು ಬಾಡಿಗೆಗೆ ಕೊಡಲಾರಂಭಿಸಿತು. ಒಂದು ಕಾಲಕ್ಕೆ ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದ ವ್ಯವಸ್ಥೆ ಈಗ ಮೂಲೆ ಅಂಗಡಿಯವನಿಗೂ ಎಟುಕುತ್ತದೆ.

ಈ ಬಾಡಿಗೆಯ ಬಿಲ್ಲು ಏರುವುದು ಹೆಚ್ಚಾಗಿ ಕೋಷ್ಟಕದ ಅಕ್ಷರಗಳಿಂದಲ್ಲ. ಬಿಲ್ಲುಗಳ ಛಾಯಾಚಿತ್ರಗಳನ್ನು ಡೇಟಾಬೇಸಿನೊಳಗೇ ತುರುಕಿದಾಗ ಹೊರೆ ಬೆಳೆಯುತ್ತದೆ. ತಲಾ ಮೂರು ಮೆಗಾಬೈಟ್‌ನ ಒಂದು ಲಕ್ಷ ಚಿತ್ರಗಳೆಂದರೆ ಸುಮಾರು 300 ಗಿಗಾಬೈಟ್. ಅವುಗಳ ಮುಂದೆ ಜವಳಿ ಅಂಗಡಿಯ ಅಷ್ಟೂ ವಿಳಾಸಗಳು ಲೆಕ್ಕಕ್ಕೇ ಇಲ್ಲ. ಅಂಥ ಕಡತಗಳನ್ನು ಅದೇ ಕ್ಲೌಡ್‌ನ ಅಗ್ಗದ ಸಂಗ್ರಹಾಗಾರದಲ್ಲಿಟ್ಟು, ಕೋಷ್ಟಕದಲ್ಲಿ ಅವುಗಳ ಗುರುತನ್ನಷ್ಟೇ ಬರೆಯುವುದು ಜಾಣತನ. ಬಳಸದ ಸೂಚಿಗಳು, ಅವಧಿ ಮೀರಿದ ಬ್ಯಾಕಪ್ ಪ್ರತಿಗಳು ಕೂಡ ಸದ್ದಿಲ್ಲದೆ ಬಾಡಿಗೆ ತಿನ್ನುತ್ತವೆ. ಹಳೆಯ ವರ್ಷಗಳ ಲೆಕ್ಕವನ್ನು ಅಗ್ಗದ ಜಾಗಕ್ಕೆ ಸಾಗಿಸುವುದಾಗಲೀ, ಒಂದು ಕಂಪನಿಯಿಂದ ಮತ್ತೊಂದಕ್ಕೆ ಹೋಗುವುದಾಗಲೀ ಸಾಧ್ಯವಾಗುವುದಕ್ಕೆ ಕಾರಣ, ಕೇಳುವ ಪ್ರಶ್ನೆಗೂ ದತ್ತಾಂಶ ಇರುವ ಜಾಗಕ್ಕೂ ಇದ್ದ ನಂಟನ್ನು ಕಾಡ್ ಬಿಡಿಸಿದ್ದು. ಆದರೂ ಒಂದೇ ಕಂಪನಿಯಲ್ಲಿ ಮಾತ್ರ ಸಿಗುವ ವಿಶೇಷ ಸೌಲಭ್ಯಗಳಿಗೆ ಒಗ್ಗಿಹೋದ ಗ್ರಾಹಕ ಅಷ್ಟು ಸುಲಭವಾಗಿ ಹೊರಬರಲಾರ. ದತ್ತಾಂಶವನ್ನು ಹೊರಗೆ ಒಯ್ಯಲು ಶುಲ್ಕ ವಿಧಿಸುವ ಪದ್ಧತಿಯೂ ಇದೆ.

ಕಾಡ್ 1984ರಲ್ಲಿ ಐಬಿಎಂನಿಂದ ನಿವೃತ್ತರಾದರು. ತಮ್ಮ ಮಾದರಿಯ ಹೆಸರನ್ನು ಮಾತ್ರ ಹಚ್ಚಿಕೊಂಡ ಸರಕುಗಳು ಮಾರುಕಟ್ಟೆ ತುಂಬುತ್ತಿದ್ದುದನ್ನು ಕಂಡು, 1985ರಲ್ಲಿ ಕಂಪ್ಯೂಟರ್‌ವರ್ಲ್ಡ್ ಪತ್ರಿಕೆಯಲ್ಲಿ ನಿಜವಾದ ಸಂಬಂಧಾತ್ಮಕ ಡೇಟಾಬೇಸ್‌ಗೆ ಇರಬೇಕಾದ 12 ನಿಯಮಗಳನ್ನು ಪ್ರಕಟಿಸಿದರು. ಸೊನ್ನೆಯಿಂದ ಎಣಿಕೆ ಆರಂಭಿಸಿದ್ದರಿಂದ ಅವು ವಾಸ್ತವವಾಗಿ 13. ಸಹೋದ್ಯೋಗಿ ಕ್ರಿಸ್ ಡೇಟ್ ಅವರೊಂದಿಗೆ ಸಲಹಾ ಸಂಸ್ಥೆ ನಡೆಸಿದರು. ಕೊನೆಯ ದಶಕದಲ್ಲಿ ಒಂದು ಕಹಿ ಪ್ರಸಂಗವೂ ನಡೆಯಿತು. ವ್ಯಾಪಾರ ದತ್ತಾಂಶದ ವಿಶ್ಲೇಷಣೆ ಕುರಿತು 1993ರಲ್ಲಿ ಅವರು ಬರೆದ ಬರಹಕ್ಕೆ, ಅದೇ ಕ್ಷೇತ್ರದ ಉತ್ಪನ್ನ ಮಾರುತ್ತಿದ್ದ ಆರ್ಬರ್ ಸಾಫ್ಟ್‌ವೇರ್ ಕಂಪನಿಯ ಪ್ರಾಯೋಜಕತ್ವ ಇದ್ದುದು ಬೆಳಕಿಗೆ ಬಂದು, ಕಂಪ್ಯೂಟರ್‌ವರ್ಲ್ಡ್ ಆ ಲೇಖನವನ್ನು ಹಿಂತೆಗೆದುಕೊಂಡಿತು. ಉತ್ಪಾದಕರ ಪೊಳ್ಳು ಪ್ರಚಾರವನ್ನು ಖಂಡಿಸುತ್ತಿದ್ದವರ ಹೆಸರಿಗೆ ಇದು ಶೋಭೆ ತರಲಿಲ್ಲ. ಆ ಬರಹದ ಮೂಲಕ ಚಾಲ್ತಿಗೆ ಬಂದ ಒಲ್ಯಾಪ್ ಎಂಬ ಪದ ಮಾತ್ರ ಉದ್ಯಮದಲ್ಲಿ ಉಳಿದುಕೊಂಡಿತು.

2003ರ ಏಪ್ರಿಲ್ 18ರಂದು ಫ್ಲೋರಿಡಾದ ವಿಲಿಯಮ್ಸ್ ಐಲೆಂಡ್‌ನ ಮನೆಯಲ್ಲಿ ಹೃದಯ ವೈಫಲ್ಯದಿಂದ ಕಾಡ್ ನಿಧನರಾದಾಗ ಅವರಿಗೆ 79 ವರ್ಷ. ಮರುವರ್ಷ ಎಸಿಎಂನ ದತ್ತಾಂಶ ವಿಭಾಗವು ಹೊಸ ಆವಿಷ್ಕಾರಗಳಿಗಾಗಿ ನೀಡುವ ತನ್ನ ವಾರ್ಷಿಕ ಪ್ರಶಸ್ತಿಗೆ ಅವರ ಹೆಸರನ್ನಿಟ್ಟಿತು.