ಲಿಂ. ಹಳಕಟ್ಟಿಯವರ ಇನ್ನೊಂದು ಸೇವೆ

ಪ್ರತಿವರ್ಷ ಜುಲೈ ೨ನೆಯ ತಾರೀಖು ಬಂದಿತೆಂದರೆ ಕನ್ನಡ ನಾಡಿನಲ್ಲೆಲ್ಲ ಲಿಂ. ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಸ್ಮರಣೆಯಾಗುವದು. ಅಂದು ಮಾತನಾಡುವವರು ಅವರು ತಾಳೆಗರಿಯ ಕಟ್ಟುಗಳಿಗಾಗಿ ಹಳ್ಳಿಹಳ್ಳಿ ತಿರುಗಿದ್ದನ್ನೂ, ಮನೆ ಮಾರಿ ಮುದ್ರಣಾಲಯ ಹಾಕಿದ್ದನ್ನೂ ವರ್ಣಿಸಿ, ವಚನ ಪಿತಾಮಹರಿಗೆ ಮಾಲೆ ಹಾಕಿ ಕುಳಿತುಕೊಳ್ಳುವರು. ಅದೆಲ್ಲವೂ ಯೋಗ್ಯವೇ. ಆದರೆ ಅವರು ಮ್ಯುನಿಸಿಪಾಲಿಟಿಯಲ್ಲಿಯೂ ಮುಂಬಯಿಯ ಕೌನ್ಸಿಲಿನಲ್ಲಿಯೂ ಕುಳಿತು, ಬರಗಾಲದ ಸೀಮೆಗೆ ನೀರನ್ನೂ ಸಾಲವನ್ನೂ ಶಾಲೆಯನ್ನೂ ದೊರಕಿಸಲು ಹೆಣಗಿದ ಸಾರ್ವಜನಿಕ ಪುರುಷರಾಗಿದ್ದರೆಂಬುದನ್ನು ಹೇಳುವವರು ಕಡಿಮೆ. ಈ ಲೇಖನದಲ್ಲಿ ನಾವು ಆ ಭಾಗವನ್ನೇ ವಾಚಕರ ಮುಂದಿಡುತ್ತೇವೆ.

ಹಳಕಟ್ಟಿಯವರು ನಮ್ಮ ಧಾರವಾಡದಲ್ಲಿಯೇ ೧೮೮೦ರಲ್ಲಿ ಹುಟ್ಟಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಬರೆಯುವ ಅಭಿರುಚಿಯುಳ್ಳವರು. ತಾಯಿ ಮಗನ ಎಳೆತನದಲ್ಲಿಯೇ ತೀರಿಕೊಂಡರು. ಹುಡುಗನು ಮ್ಯಾಟ್ರಿಕ್ ಮುಗಿಸಿ ಮುಂಬಯಿಗೆ ಹೋಗಿ, ಬಿ.ಎ. ಮತ್ತು ಕಾಯದೆಯ ಪರೀಕ್ಷೆಗಳಲ್ಲಿ ಉತ್ತೀರ್ಣನಾಗಿ, ಬೆಳಗಾವಿಯಲ್ಲಿ ಅಲ್ಪಕಾಲ ವಕೀಲಿ ಮಾಡಿ, ೧೯೦೪ರಲ್ಲಿ ವಿಜಾಪುರಕ್ಕೆ (ಈಗ ನಾವು ವಿಜಯಪುರವೆನ್ನುವೆವು) ಹೋಗಿ ನೆಲೆಸಿದನು. ಮುಂದಿನ ಅರುವತ್ತು ವರ್ಷ ಅವರ ಬಾಳು ಅಲ್ಲಿಯೇ ಸವೆಯಿತು.

ಎರೆನೆಲದ ಜನರಿಗೆ ನೀರಿನ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ನವಲಗುಂದ, ಅಣ್ಣಿಗೇರಿಗಳ ಕಡೆಗೆ ಬಾವಿ ತೋಡಿದರೆ ಸವುಳು ನೀರು. ಕುಡಿಯಲಿಕ್ಕೆ ಕೆರೆಯೇ ಗತಿ. ಕೆರೆ ಬತ್ತಿದ ವರ್ಷ ಹೆಣ್ಣುಮಕ್ಕಳು ಕೊಡ ಹೊತ್ತು ಹರದಾರಿಗಟ್ಟಲೆ ನಡೆಯುವದನ್ನು ನಾವೇ ಬಾಲ್ಯದಲ್ಲಿ ಕಂಡಿದ್ದೇವೆ. (ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ವಾಚಕರಿಗೆ ಇದು ಅಷ್ಟಾಗಿ ಅನುಭವಕ್ಕೆ ಬಂದಿರಲಿಕ್ಕಿಲ್ಲ.) ವಿಜಾಪುರದ ಸ್ಥಿತಿ ಇದಕ್ಕಿಂತಲೂ ಕಠಿಣ. ಆದಿಲಶಾಹಿ ಅರಸರು ತೊರವಿಯಿಂದ ನೆಲದೊಳಗಿನ ಸುರಂಗಗಳ ಮೂಲಕ ಪಟ್ಟಣಕ್ಕೆ ನೀರು ತಂದಿದ್ದರು; ೧೬೫೧ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿದ್ದರು; ತಾಜ ಬಾವಡಿ, ಚಾಂದ ಬಾವಡಿಗಳನ್ನು ತೋಡಿಸಿದ್ದರು. ೧೬೮೬ರಲ್ಲಿ ರಾಜ್ಯವು ಅಳಿದ ಮೇಲೆ ಈ ವ್ಯವಸ್ಥೆ ಹಾಳುಬಿದ್ದಿತು. ೧೮೭೬ರಿಂದ ಎರಡು ವರ್ಷ ಬಂದ ಘೋರ ಬರದಲ್ಲಿ ಆ ಜಿಲ್ಲೆಯ ಜನರೂ ದನಗಳೂ ಲೆಕ್ಕವಿಲ್ಲದಷ್ಟು ನಾಶವಾದವು. ಇಂಗ್ಲಿಷ್ ಸರಕಾರವು ೧೮೮೫ರಲ್ಲಿ ಜಿಲ್ಲೆಯ ಕಚೇರಿಗಳನ್ನು ಕಲಾದಗಿಯಿಂದ ವಿಜಾಪುರಕ್ಕೆ ತಂದಿತು. ಕಚೇರಿಗಳು ಬಂದವು, ವಕೀಲರು ಬಂದರು, ಪಕ್ಷಕಾರರು ಬಂದರು. ಕುಡಿಯುವ ನೀರು ಮಾತ್ರ ಬರಲಿಲ್ಲ.

ಇಂಥ ಊರಿಗೆ ಬಂದ ತರುಣ ವಕೀಲರು ದುಡ್ಡು ಗಳಿಸುತ್ತ ಸುಖವಾಗಿ ಇರಬಹುದಾಗಿದ್ದಿತು. ಹಾಗೆ ಮಾಡದೆ ಅವರು ೧೯೧೦ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಹುಟ್ಟುಹಾಕುವದರಲ್ಲಿ ಮುಂದಾದರು. ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಒಕ್ಕಲಿಗರ ಸಹಕಾರಿ ಸಂಘ, ಹತ್ತಿ ಮಾರಾಟದ ಸಂಘ, ನೇಕಾರರ ಸಂಘ, ಬರನಿವಾರಣೆಯ ಸಂಘ, ಹೀಗೆ ಒಂದರ ಹಿಂದೊಂದು ಅವರ ಕೈಯಿಂದ ಹೊರಟವು. ಇವುಗಳ ಮರ್ಮವನ್ನು ತಿಳಿಯದವರಿಗೆ ಇದು ಸಂಘ ಕಟ್ಟುವ ಚಟವೆಂದು ತೋರೀತು. ಆದರೆ ಮಳೆ ಹೋದ ವರ್ಷ ರೈತನನ್ನು ಕೊಲ್ಲುವದು ಹಸಿವೆಯೊಂದೇ ಅಲ್ಲ. ಬೀಜಕ್ಕೂ ಎತ್ತಿಗೂ ತಂದ ಸಾಲದ ಬಡ್ಡಿ, ಹತ್ತಿಯನ್ನು ಸುಗ್ಗಿಗೆ ಮೊದಲೇ ಅಗ್ಗಕ್ಕೆ ಬರೆದುಕೊಟ್ಟ ಕರಾರು, ಇವು ಅವನನ್ನು ಮುಂದಿನ ಮಳೆ ಬಂದ ಮೇಲೂ ಏಳಗೊಡುವದಿಲ್ಲ. ನ್ಯಾಯಾಸ್ಥಾನದಲ್ಲಿ ದಿನಾಲು ಸಾಲದ ಖಟ್ಲೆಗಳನ್ನು ಕಾಣುವ ವಕೀಲರಿಗೆ ಇದು ಚೆನ್ನಾಗಿ ಗೊತ್ತಿದ್ದಿತು. ಊರ ನೀರಿನ ಕಾರ್ಯಕ್ಕೂ ಅವರು ಕೈಹಾಕಿದರು. ಭೂತನಾಳದ ಕೆರೆಯಿಂದ ವಿಜಾಪುರದ ಜನರಿಗೆ ಕುಡಿಯುವ ನೀರು ದೊರೆತ ಕಥೆಯಲ್ಲಿ ಹಳಕಟ್ಟಿಯವರ ಹೆಸರು ಸೇರಿಕೊಂಡಿದೆ.

ಮುಂದೆ ಅವರು ಮುಂಬಯಿ ಕೌನ್ಸಿಲಿನ ಸದಸ್ಯರಾದರು. ಆ ಕೌನ್ಸಿಲಿನಲ್ಲಿ ಪ್ರಶ್ನೆ ಕೇಳುವದೆಂದರೇನೆಂಬುದನ್ನು ಇಂದಿನವರು ತಿಳಿದುಕೊಳ್ಳಬೇಕು. ೧೯೧೯ರ ಕಾಯದೆಯಿಂದ ಬಂದ ದ್ವಿದಳ ರಾಜ್ಯಪದ್ಧತಿಯಲ್ಲಿ ಶಾಲೆ, ಆರೋಗ್ಯ, ಒಕ್ಕಲುತನ, ಸಹಕಾರ, ಲೋಕಲ್ ಬೋರ್ಡುಗಳು ಜನರ ಪಕ್ಷದ ಮಂತ್ರಿಗಳ ಕೈಗೆ ಬಂದವು. ಖಜಾನೆ, ಭೂಕಂದಾಯ, ನೀರಾವರಿ, ಬರಪರಿಹಾರ ಇವು ಗವರ್ನರರ ಕಾರ್ಯಕಾರಿ ಮಂಡಲದಲ್ಲಿಯೇ ಉಳಿದವು. ಹೊಲಕ್ಕೆ ಬೇಕಾದ ಶಿಕ್ಷಣವನ್ನು ಮಂತ್ರಿ ಕೊಡಬಹುದು, ಹೊಲಕ್ಕೆ ಬೇಕಾದ ನೀರನ್ನು ಕೊಡುವಂತಿಲ್ಲ! ಕೌನ್ಸಿಲು ಮುಂಬಯಿಯಲ್ಲಿ, ಇಲ್ಲವೆ ಪುಣೆಯಲ್ಲಿ ಕೂಡುತ್ತಿದ್ದಿತು, ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಸಿಂಧದಿಂದ ಕಾರವಾರದ ವರೆಗೆ ಹಬ್ಬಿದ ಆ ಇಲಾಖೆಯಲ್ಲಿ ಕನ್ನಡ ಜಿಲ್ಲೆಗಳು ನಾಲ್ಕೇ. ೧೯೨೩ರಿಂದ ೧೯೩೨ರ ವರೆಗೆ ಸಿಂಧದ ಸಕ್ಕರದಲ್ಲಿ ಲಾಯ್ಡ್ ಬಂಧಾರದ ಕೆಲಸ ನಡೆದು, ಕೋಟಿಗಟ್ಟಲೆ ರೂಪಾಯಿ ಸಿಂಧೂ ನದಿಯ ದಂಡೆಗೆ ಹೋಯಿತು. ಕೃಷ್ಣೆ, ಮಲಪ್ರಭೆಗಳು ಎಂದಿನಂತೆ ಹರಿದುಹೋದವು. ಇಂಥ ಸಭೆಯಲ್ಲಿ ವಿಜಾಪುರದ ಸದಸ್ಯರ ಧ್ವನಿ ಎಷ್ಟು ಮಾತ್ರದ್ದು! ಆದರೂ ತಾವೇ ಬ್ಯಾಂಕು ನಡೆಸಿ, ಸಂಘಗಳ ಖಾತೆ-ಕೀರ್ದಿ ನೋಡಿ ಬಂದ ಸದಸ್ಯರಿಗೆ ಸರಕಾರದ ಹಾರಿಕೆಯ ಉತ್ತರವು ಯಾವುದು, ನಿಜವಾದದ್ದು ಯಾವುದೆಂಬ ವಿವೇಕವು ಇರುತ್ತದೆ. ಬರಿಯ ಭಾಷಣಕಾರರಿಗೆ ಅದು ಇರುವದಿಲ್ಲ.

ಇಲ್ಲಿ ಒಂದು ಮಾತನ್ನು ನಾವು ಮುಚ್ಚಿಡಲಾರೆವು. ಹಳಕಟ್ಟಿಯವರು ಸರಕಾರಿ ವಕೀಲರು; ರಾವಸಾಹೇಬ, ರಾವಬಹಾದ್ದೂರ ಎಂಬ ಪದವಿಗಳನ್ನು ಪಡೆದವರು. ಅಸಹಕಾರದ ಕಾಲದಲ್ಲಿ ರಾಷ್ಟ್ರೀಯ ಸಭೆಯು ಕೌನ್ಸಿಲುಗಳನ್ನು ಬಹಿಷ್ಕರಿಸಿದ್ದಿತು. ೧೯೨೧ನೆಯ ಇಸವಿ ಜುಲೈ ೧ರಂದು ಧಾರವಾಡದಲ್ಲಿ ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಆ ದಿನಗಳಲ್ಲಿ ಪದವೀಧರರನ್ನೂ ಕೌನ್ಸಿಲಿಗರನ್ನೂ ರಾಷ್ಟ್ರೀಯ ಪತ್ರಿಕೆಗಳು ಎದುರು ಪಕ್ಷದವರೆಂದೇ ಎಣಿಸಿದವು. ನಾವು ಆ ಪತ್ರಿಕೆಗಳ ಪರಂಪರೆಯವರೇ. ಅಂದಿನ ಬಹಿಷ್ಕಾರವು ತಪ್ಪಾಗಿದ್ದಿತೆಂದು ನಾವು ಇಂದೂ ಹೇಳೆವು. ಆದರೆ ಮನುಷ್ಯನ ಹೆಸರಿನ ಹಿಂದಿನ ಬಿರುದನ್ನು ನೋಡಿ ತೂಗಿದ ತಕ್ಕಡಿಯಲ್ಲಿ ಹಳಕಟ್ಟಿಯವರಿಗೆ ಅನ್ಯಾಯವಾಯಿತೆಂಬುದನ್ನು ಒಪ್ಪಲೇಬೇಕು. ಬಿರುದು ಕೊಟ್ಟ ಸರಕಾರದಿಂದ ಅವರು ಹೊಲ ಮನೆ ಮಾಡಿಕೊಳ್ಳಲಿಲ್ಲ. ಇದ್ದ ಮನೆಯನ್ನೂ ಕಳೆದುಕೊಂಡರು. ಕನ್ನಡ ನಾಡು ಒಂದಾಗಬೇಕೆಂಬ ಹೋರಾಟದಲ್ಲಿ ಅವರು ರಾಷ್ಟ್ರೀಯ ಪಕ್ಷದವರ ಹೆಗಲಿಗೆ ಹೆಗಲು ಕೊಟ್ಟರು. ಬಳ್ಳಾರಿಯಲ್ಲಿ ೧೯೨೬ರಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ೧೯೨೭ರಲ್ಲಿ ‘ನವಕರ್ನಾಟಕ’ವೆಂಬ ವಾರಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ನಡೆಸಿ ಕೈಸುಟ್ಟುಕೊಳ್ಳುವದೇನೆಂಬುದು ನಮಗೆ ಗೊತ್ತಿರುವದರಿಂದ ಈ ಒಂದು ಸಂಗತಿಗಾಗಿಯಾದರೂ ನಾವು ಅವರಿಗೆ ತಲೆಬಾಗುವೆವು.

‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ೧೯೨೩ರಲ್ಲಿ ಹೊರಬಂದದ್ದು, ಎರಡು ವರ್ಷಗಳ ಮೇಲೆ ‘ಹಿತಚಿಂತಕ’ ಮುದ್ರಣಾಲಯವಾದದ್ದು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ ಹುಟ್ಟಿದ್ದು ಎಲ್ಲರೂ ಬಲ್ಲ ವಿಷಯ. ಹರಿದ ಕೋಟು, ಬಾಡಿಗೆಯ ಮನೆ, ಇವು ಮುಪ್ಪಿನಲ್ಲಿ ಅವರಿಗೆ ಉಳಿದ ಆಸ್ತಿ. ವಿಜಯಪುರದಲ್ಲಿ ಇಂದು ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಇದೆ. ವಚನಕಾರರನ್ನು ಬೆಳಕಿಗೆ ತಂದವರ ಹೆಸರನ್ನು ಯಂತ್ರವಿದ್ಯೆಗೆ ಏಕೆ ಇಟ್ಟರೆಂದು ಕೆಲವರು ಹುಬ್ಬೇರಿಸುವರು; ನೀರಿಗಾಗಿ ಅವರು ಪಟ್ಟ ಶ್ರಮವನ್ನು ಬಲ್ಲವರಿಗೆ ಅದು ಸರಿಯಾಗಿಯೇ ತೋರುವದು.

ನಮ್ಮ ಕಡೆಗೆ ಮಲಪ್ರಭೆಯ ಕಾಲುವೆ ಬಂದಿತು. ಅದರ ಹಿಂದೆ, ನೀರು ಮುಟ್ಟದ ಹೊಲಗಳಿಗೂ ಕರದ ನೋಟೀಸು ಬಂದಿತು; ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ರೈತರ ರಕ್ತ ಬಿದ್ದಿತು. ಕಳಸಾ-ಬಂಡೂರಿಯ ನೀರಿಗಾಗಿ ೨೦೧೫ರಲ್ಲಿ ಮತ್ತೆ ಧರಣಿ ಕುಳಿತರು. ನಮ್ಮ ಶಾಸಕರು ಈಗ ಕನ್ನಡದಲ್ಲಿಯೇ, ತಮ್ಮದೇ ಸರಕಾರವನ್ನು ಕೇಳುತ್ತಾರೆ. ಬೆಳಗಾವಿಯಲ್ಲಿ ೨೦೧೨ರಿಂದ ಅದಕ್ಕೊಂದು ಸೌಧವೂ ಇದೆ. ಕೇಳುವ ಮೊದಲು ಹಳಕಟ್ಟಿಯವರಂತೆ ಹಳ್ಳಿಯ ಲೆಕ್ಕಪತ್ರ ತಿರುವಿ ಬಂದವರೆಷ್ಟು ಮಂದಿಯೆಂಬುದನ್ನು ಮತದಾರರೇ ವಿಚಾರಿಸಲಿ.

೧೯೬೪ನೆಯ ಇಸವಿ ಮೇ ೨೨ರಂದು ಲಾಲಬಹಾದ್ದೂರ ಶಾಸ್ತ್ರಿಗಳು ವಿಜಾಪುರ ಜಿಲ್ಲೆಯ ಆಲಮಟ್ಟಿಗೆ ಬಂದು ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಅದೇ ವರ್ಷ ಜೂನ್ ೨೯ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನವಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು. ಅಣೆಕಟ್ಟು ಮುಗಿಯಲು ಅನಂತರ ನಾಲ್ವತ್ತು ವರ್ಷ ಹಿಡಿದವು.