ಪುಸ್ತಕದ ಗಂಟು ಹೊತ್ತ ಗಳಗನಾಥರು

ಕನ್ನಡ ಕಾದಂಬರಿಯ ಪಿತಾಮಹರೆಂದು ಖ್ಯಾತಿವೆತ್ತ ಗಳಗನಾಥರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ವರದಾ ನದಿಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿರುವ, ಈಗ ಹಾವೇರಿ ಜಿಲ್ಲೆಗೆ ಸೇರಿದ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಅವರ ಜನನವಾಯಿತು. ಊರಿನ ಹೆಸರೇ ಕಾವ್ಯನಾಮವಾಗಿ, ಕಾಲಕ್ರಮದಲ್ಲಿ ಜನರು ಮೂಲನಾಮವನ್ನು ಮರೆತೇಬಿಟ್ಟರು.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಣ ಪಡೆದು ಅವರು ಉಪಾಧ್ಯಾಯರಾದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಭಾಗದಲ್ಲಿ ಆಗ ಮರಾಠಿಯ ಪ್ರಾಬಲ್ಯವಿತ್ತು. ಅಕ್ಷರ ಬಲ್ಲ ಕನ್ನಡಿಗರಲ್ಲಿ ಬಹುಮಂದಿ ಮರಾಠಿ ಗ್ರಂಥಗಳನ್ನೇ ಓದುತ್ತಿದ್ದರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಜಿಲ್ಲೆಗಳ ಮಕ್ಕಳು ಉರ್ದುವಿನಲ್ಲಿ ಪಾಠ ಕಲಿತುದನ್ನು ಹಿರಿಯರಿಂದ ಕೇಳಿಬಲ್ಲ ಹೈದರಾಬಾದಿನ ವಾಚಕರಿಗೆ ಈ ಸ್ಥಿತಿ ಅಪರಿಚಿತವಲ್ಲ.

ಇಂಥ ಕಾಲದಲ್ಲಿ ಗಳಗನಾಥರು ಲೇಖನಿ ಹಿಡಿದರು. ಅವರ ಪ್ರಬುದ್ಧ ಪದ್ಮನಯನೆಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ದೊರೆಯಿತು. 1907ರಲ್ಲಿ ಅಗಡಿಯ ಆನಂದವನದಿಂದ ಸದ್ಬೋಧ ಚಂದ್ರಿಕೆಯೆಂಬ ಮಾಸಪತ್ರಿಕೆ ಹೊರಟಿತು. ವಿಜಯನಗರದ ಉದಯವನ್ನು ಮಾಧವ ಕರುಣಾವಿಲಾಸದಲ್ಲಿ ಬಣ್ಣಿಸಿದರು. ಅದರ ಪತನದ ಕಥೆಯನ್ನು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಯಿಂದ ಕನ್ನಡಿಗರ ಕರ್ಮಕಥೆಯಾಗಿ ತಂದರು.

ಬರೆದುದಾಯಿತು, ಅಚ್ಚಾದುದಾಯಿತು, ಕೊಳ್ಳುವವರೆಲ್ಲಿ? ಗಳಗನಾಥರು ಗಿರಾಕಿಯ ದಾರಿ ಕಾಯುತ್ತ ಕುಳಿತುಕೊಳ್ಳಲಿಲ್ಲ. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು, ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. ಗ್ರಂಥಕರ್ತನು ಹೊರೆಯಾಳಾಗಬಹುದೇ ಎಂಬ ಸಂಕೋಚ ಅವರನ್ನು ತಡೆಯಲಿಲ್ಲ. ಕೊಂಡ ಒಂದೊಂದು ಪ್ರತಿಯೂ ಮುಂದಿನ ಗ್ರಂಥದ ಕಾಗದಕ್ಕೂ ಅಚ್ಚಿಗೂ ಆಧಾರವಾಗಬೇಕಾಗಿತ್ತು. ಹೀಗೆ ಕನ್ನಡಕ್ಕೆ ಸಾವಿರಾರು ವಾಚಕರನ್ನು ಸಂಪಾದಿಸಿದ ಆ ಮಹನೀಯರಿಗೆ ಸರಸ್ವತಿ ಒಲಿದಂತೆ ಲಕ್ಷ್ಮಿ ಒಲಿಯಲಿಲ್ಲ. 1942ರಲ್ಲಿ ಅವರು ಕೀರ್ತಿಶೇಷರಾದರು.

ಎರವಲು ತಂದು ಓದುವುದು ತಪ್ಪೆಂದು ಇದರ ಅರ್ಥವಲ್ಲ. ಊರಿಗೆ ಹಣ ಕಳುಹಿಸಿ, ಕೋಣೆಯ ಬಾಡಿಗೆ ಕೊಟ್ಟು ಉಳಿದುದರಲ್ಲಿ ದಿನ ನೂಕುವ ಹೋಟೆಲು ಕೆಲಸಗಾರನಾಗಲಿ ಗುಮಾಸ್ತನಾಗಲಿ ಕಂಡ ಪುಸ್ತಕಗಳನ್ನೆಲ್ಲ ಕೊಳ್ಳಲಾರನು. ಅಂಥವರಿಗಾಗಿಯೇ ಗ್ರಂಥಾಲಯಗಳಿವೆ, 1891ರಲ್ಲಿ ಸ್ಥಾಪಿತವಾದ ಅಸಫಿಯಾ ಗ್ರಂಥಾಲಯವು ಇಂದು ನಮ್ಮ ಅಫ್ಜಲ್‌ಗಂಜಿನಲ್ಲಿಯೇ ರಾಜ್ಯ ಕೇಂದ್ರ ಗ್ರಂಥಾಲಯವಾಗಿದೆ. ಆದರೆ ಎರವಲು ಕೊಡುವ ಪ್ರತಿಯನ್ನೂ ಯಾರೋ ಒಬ್ಬರು ಮೊದಲು ಕೊಂಡಿರಲೇಬೇಕು. ಎಲ್ಲರೂ ಉದ್ರಿ ಗಿರಾಕಿಗಳಾದರೆ ಒಲೆ ಉರಿಯುವುದೆಂತು?

ಒಬ್ಬನಿಂದಾಗದಿದ್ದರೆ ಒಂದು ಕೋಣೆಯ ನಾಲ್ವರು ಕೂಡಿ ವರ್ಷಕ್ಕೊಂದು ಕನ್ನಡ ಪುಸ್ತಕವನ್ನು ಕೊಳ್ಳಲಿ. ನಾಲ್ವರೂ ಓದಿ ಐದನೆಯವನಿಗೆ ಕೊಡಲಿ. ಗಳಗನಾಥರು ಹೊತ್ತ ಗಂಟಿನ ಭಾರದಲ್ಲಿ ನಮ್ಮ ಪಾಲಿಗೆ ಬರುವುದು ಅಷ್ಟೇ.